ಪಾರ್ಕಿನ ನೆಲಕ್ಕೆ ಸಲಾಕೆ ಹಾಕುವ ಮುನ್ನ

(ಬಸವನಗುಡಿಯಲ್ಲಿ ಬೆಳಗಿನ ವಾಕಿಂಗ್ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಕೆಲವು ಕಡೆ ಸ್ವಲ್ಪ ಬೆಳೆಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೆಟಲ್ ಡಿಟೆಕ್ಟರ್ ಈಗ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಇಂಗ್ಲೆಂಡಿನವರು, ಅಮೆರಿಕದವರು ಹೊಲ, ಬೀಚುಗಳಲ್ಲಿ ಹಳೆಯ ನಾಣ್ಯ ಹುಡುಕುವ ವೀಡಿಯೊ ನೋಡಿ ನಮ್ಮ ಹುಡುಗರಿಗೂ ಆಸೆ ಹುಟ್ಟಿದೆ. ನಾನು ಕಳೆದುಹೋದ ಓಲೆ, ಉಂಗುರ ಹುಡುಕಿಕೊಡಲು ಈ ಯಂತ್ರ ಬಳಸುತ್ತೇನೆ ಅಂತ ಗೊತ್ತಿರುವವರು ನನ್ನನ್ನು ಕೇಳುತ್ತಾರೆ. "ಸರ್, ಕಬ್ಬನ್ ಪಾರ್ಕಲ್ಲಿ ಒಂದ್ಸಲ ಹುಡುಕಬಹುದಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಬ್ಬನ್ ಪಾರ್ಕಿನಲ್ಲಿ ಬೇಡ. ಲಾಲ್‌ಬಾಗಿನಲ್ಲೂ ಬೇಡ. ಕೋಟೆ, ಹಳೆಯ ದೇವಸ್ಥಾನ, ವೀರಗಲ್ಲು ಇರುವ ಕಡೆಯಂತೂ ಆ ಯೋಚನೆಯನ್ನೇ ಮಾಡಬೇಡಿ. ನಿಮ್ಮ ಬಡಾವಣೆಯ ಪಾರ್ಕಿನಲ್ಲಿ ಪಾಲಿಕೆಯವರು ಕಾಗದದ ಮೇಲೆ ಅನುಮತಿ ಕೊಟ್ಟರೆ ಮಾಡಿ. ಯಾಕೆ ಹೀಗೆ ಅನ್ನುವುದು ಗೊತ್ತಾಗಬೇಕಾದರೆ ಮೊದಲು ಯಂತ್ರ ಏನು ಮಾಡುತ್ತದೆ ಅಂತ ನೋಡೋಣ.

ಕೋಲಿನ ತುದಿಯಲ್ಲಿ ತಟ್ಟೆಯ ಹಾಗಿರುವ ಭಾಗದಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರದೊಳಗೆ ಲೋಹ ಬಂದರೆ ಲೋಹದಲ್ಲೂ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಇಷ್ಟೇ. ಹವ್ಯಾಸಿಗಳ ಯಂತ್ರ ಒಂದು ನಾಣ್ಯವನ್ನು ಸಾಮಾನ್ಯವಾಗಿ 15ರಿಂದ 20 ಸೆಂಟಿಮೀಟರ್ ಆಳದವರೆಗೆ ಗುರುತಿಸುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಹಾಗಾಗಿ ಮಣ್ಣೇ ಸದ್ದು ಮಾಡಿಸುತ್ತದೆ. ಯಂತ್ರವನ್ನು ಮಣ್ಣಿಗೆ ಹೊಂದಿಸಿಕೊಳ್ಳದಿದ್ದರೆ ಆಳ ಇನ್ನೂ ಕಡಿಮೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಳಗೆ ಲೋಹ ಇದೆ ಅಂತ ಯಂತ್ರ ಹೇಳುತ್ತದೆ. ಯಾವ ವಸ್ತು ಅಂತ ಹೇಳುವುದಿಲ್ಲ. ತೆಳುವಾದ ಚಿನ್ನದ ಉಂಗುರದ ಸಿಗ್ನಲ್ಲೂ ಮಡಚಿ ಎಸೆದ ಅಲ್ಯೂಮಿನಿಯಂ ಹಾಳೆಯ ಸಿಗ್ನಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಕಬ್ಬಿಣ ಬೇಡ ಅಂತ ಸೆಟ್ ಮಾಡಬಹುದು, ನಿಜ. ಆದರೆ ನಮ್ಮ ಈಗಿನ 1 ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದು. ಆ ಸೆಟ್ಟಿಂಗ್‌ನಲ್ಲಿ ಅದೂ ತಪ್ಪಿಹೋಗಬಹುದು. ಅಂದರೆ ಏನಾದರೂ ಸಿಗಬೇಕು ಅಂದರೆ ಸದ್ದು ಬಂದ ಕಡೆಯೆಲ್ಲ ಅಗೆಯಬೇಕು. ಬೆಂಗಳೂರಿನ ಪಾರ್ಕಿನಲ್ಲಿ ಹಾಗೆ ಅಗೆದರೆ ಏನು ಬರುತ್ತದೆ? ಬಾಟಲಿ ಮುಚ್ಚಳ, ಮೊಳೆ, ಬೇಲಿ ತಂತಿಯ ತುಂಡು, ಸಿಗರೇಟ್ ಪ್ಯಾಕಿನ ಹಾಳೆ. ಅದೃಷ್ಟ ಇದ್ದರೆ ಹಳೆಯ ಅಲ್ಯೂಮಿನಿಯಂ 5 ಪೈಸೆ, 10 ಪೈಸೆ. ಒಂದು ಉಂಗುರಕ್ಕಾಗಿ ಹುಲ್ಲುಹಾಸಿನ ತುಂಬ ಗುಂಡಿ ಬೀಳುತ್ತದೆ.

ಗುಂಡಿ ಅಂದರೆ ಬರೀ ಗುಂಡಿ ಅಲ್ಲ ಅಲ್ವಾ? ಮರದ ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ. ಡಿಟೆಕ್ಟರ್ ಹಿಡಿದವನು ಅಗೆಯುವುದೂ ಅದೇ ಆಳದಲ್ಲಿ. ಹುಲ್ಲಿಗೆ ನೀರು ಬಿಡುವ ಪೈಪು ಅಲ್ಲೇ ಇರುತ್ತದೆ. ದೀಪದ ಕಂಬಕ್ಕೆ ಹೋಗುವ ಕೇಬಲ್ ಕೂಡ ಕೆಲವು ಪಾರ್ಕುಗಳಲ್ಲಿ ಇರಬೇಕಾದಷ್ಟು ಆಳದಲ್ಲಿ ಇರುವುದಿಲ್ಲ. ಕೇಬಲ್ಲಿನ ತಾಮ್ರಕ್ಕೂ ಯಂತ್ರ ಚೆನ್ನಾಗಿ ಕೂಗುತ್ತದೆ. ಒಳ್ಳೆಯ ಸಿಗ್ನಲ್ ಅಂತ ಸಲಾಕೆ ಹಾಕಿದರೆ ಜೀವಕ್ಕೇ ಅಪಾಯ. ಇನ್ನು ಮುಚ್ಚದೆ ಬಿಟ್ಟ ಗುಂಡಿಯಲ್ಲಿ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಬರುವ ಹಿರಿಯರ ಕಾಲು ಉಳುಕುತ್ತದೆ. ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಆ ಭಯ ಇದ್ದೇ ಇದೆ. ಆದ್ದರಿಂದ ಪಾರ್ಕಿನ ನಿಯಮದ ಪ್ರಶ್ನೆ ಯಂತ್ರ ಆಡಿಸುವುದಕ್ಕಿಂತ ಜಾಸ್ತಿ ಅಗೆಯುವುದಕ್ಕೆ ಸಂಬಂಧಪಟ್ಟದ್ದು.

ಈ ಪಾರ್ಕುಗಳು ಯಾರ ಕೈಯಲ್ಲಿವೆ ಅನ್ನುವುದು ಮುಂದಿನ ಮಾತು. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯವು. ಇವುಗಳ ರಕ್ಷಣೆಗೆ 1975ರಲ್ಲೇ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ನಗರದ ಉಳಿದ ಪಾರ್ಕು, ಆಟದ ಮೈದಾನ, ಬಯಲುಗಳಿಗಾಗಿ 1985ರಲ್ಲಿ ಇನ್ನೊಂದು ಕಾಯ್ದೆ ಬಂತು. ಬಡಾವಣೆಯ ಪಾರ್ಕುಗಳನ್ನು ಬಿಬಿಎಂಪಿ ನೋಡಿಕೊಳ್ಳುತ್ತಿತ್ತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ನಗರಕ್ಕೆ ಐದು ಪಾಲಿಕೆಗಳಾದವು. ಹಾಗಾಗಿ ಅರ್ಜಿ ಕೊಡುವ ಮೊದಲು ನಿಮ್ಮ ಪಾರ್ಕು ಯಾವ ಪಾಲಿಕೆಗೆ ಸೇರಿದ್ದು ಅಂತ ತಿಳಿದುಕೊಳ್ಳಿ. ವಾಚ್‌ಮನ್ "ಹೋಗ್ಲಿ ಬಿಡಿ ಸಾರ್, ಹುಡುಕ್ಕೊಳಿ" ಅಂದರೆ ಅದು ಅನುಮತಿ ಆಗುವುದಿಲ್ಲ. ನಾಳೆ ತಕರಾರು ಬಂದರೆ ಮೊದಲು ಕೆಲಸ ಹೋಗುವುದು ಆ ಬಡಪಾಯಿಯದು. ಅವನನ್ನು ಆ ಇಕ್ಕಟ್ಟಿಗೆ ತಳ್ಳಬೇಡಿ.

ಲಾಲ್‌ಬಾಗಿನ ವಿಷಯ ಇನ್ನೂ ಗಂಭೀರ. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ತೋಟ ಅದು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೇಲೆ ಕೆಂಪೇಗೌಡ ಗೋಪುರ ಇದೆ. ಅಂಥ ನೆಲದಲ್ಲಿ ಹವ್ಯಾಸಕ್ಕೆ ಅಂತ ಒಂದು ಚಮಚ ಮಣ್ಣನ್ನೂ ಎತ್ತಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೋಟೆಯ ಕಥೆ ಬೇರೆ. ಕೆ.ಆರ್. ಮಾರುಕಟ್ಟೆ ಹತ್ತಿರ ಉಳಿದಿರುವ ಬೆಂಗಳೂರು ಕೋಟೆಯ ತುಂಡು, ಟಿಪ್ಪು ಅರಮನೆ ಇವೆಲ್ಲ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ನಡೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ರಕ್ಷಿತ ಸ್ಥಳದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅಗೆಯುವ ಹಾಗಿಲ್ಲ. 2010ರ ತಿದ್ದುಪಡಿ ಆದಮೇಲೆ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಷ್ಟು ನೆಲದ ಬಗ್ಗೆ ಆಯಿತು. ಈಗ ಸಿಕ್ಕಿದ ವಸ್ತುವಿನ ಬಗ್ಗೆ. "ನನಗೆ ಸಿಕ್ಕಿತು, ಹಾಗಾಗಿ ನನ್ನದು" ಅಂತ ತುಂಬ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಭಾರತದ ನಿಧಿ ಕಾಯ್ದೆ 1878ರದು. ಗಮನಿಸಿ, ಆಗ ಮೆಟಲ್ ಡಿಟೆಕ್ಟರೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೊಂದು ಸಾಧನ ತಂದದ್ದು 1881ರಲ್ಲಿ. ಆದರೂ ಆ ಹಳೆಯ ಕಾಯ್ದೆಯ ಮಾತು ಇವತ್ತಿಗೂ ಹೊಂದುತ್ತದೆ. ಮಣ್ಣಿನಲ್ಲಿ ಅಡಗಿದ್ದ ಬೆಲೆಯುಳ್ಳ ಯಾವುದೇ ವಸ್ತು ನಿಧಿ. ಅದರ ಬೆಲೆ 10 ರೂಪಾಯಿ ದಾಟಿದರೆ ಸಿಕ್ಕವನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಏನು ಸಿಕ್ಕಿತು, ಎಲ್ಲಿ, ಯಾವತ್ತು ಅಂತ. ವಸ್ತುವನ್ನು ಸರ್ಕಾರಿ ಖಜಾನೆಯಲ್ಲಿ ಇಡಬೇಕು, ಇಲ್ಲವೇ ಕೇಳಿದಾಗ ತಂದೊಪ್ಪಿಸುತ್ತೇನೆ ಅಂತ ಜಾಮೀನು ಕೊಡಬೇಕು. ಆಮೇಲೆ ಜಿಲ್ಲಾಧಿಕಾರಿ ಪ್ರಕಟಣೆ ಹೊರಡಿಸಿ, ಹಕ್ಕುದಾರರು ಬರಲು ಕನಿಷ್ಠ 4 ತಿಂಗಳ ಸಮಯ ಕೊಡುತ್ತಾರೆ. ಯಾರೂ ಮಾಲೀಕರಿಲ್ಲ ಅಂತಾದರೆ ಸಿಕ್ಕವನಿಗೆ ಪಾಲಿದೆ. ಜಾಗದ ಒಡೆಯ ಕೇಳಿದರೆ, ಮೊದಲೇ ಬೇರೆ ಒಪ್ಪಂದ ಇಲ್ಲದಿದ್ದರೆ, ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಒಡೆಯನಿಗೆ. ಸರ್ಕಾರವೇ ಇಟ್ಟುಕೊಳ್ಳಬೇಕು ಅಂದರೆ ಲೋಹದ ಬೆಲೆಯ ಮೇಲೆ ಅದರ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ತಿಳಿಸದೆ ಮುಚ್ಚಿಟ್ಟರೆ ಪಾಲೂ ಹೋಗುತ್ತದೆ, 1 ವರ್ಷದವರೆಗೆ ಜೈಲೂ ಆಗಬಹುದು.

ನಮ್ಮ ರಾಜ್ಯಕ್ಕೆ 1962ರಲ್ಲಿ ನಿಧಿಗಾಗಿ ಬೇರೆಯೇ ಕಾಯ್ದೆ ಬಂತು. ಅದರಲ್ಲೂ ಮೊದಲ ಹೆಜ್ಜೆ ಡಿಸಿ ಕಚೇರಿಗೆ ತಿಳಿಸುವುದು. ವಸ್ತು ನೂರು ವರ್ಷ ಹಳೆಯದಾಗಿದ್ದರೆ 1972ರ ಪುರಾವಸ್ತು ಕಾಯ್ದೆ ಕೂಡ ಸೇರಿಕೊಳ್ಳುತ್ತದೆ. ಅಂಥದ್ದನ್ನು ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ನಮ್ಮ ನಿಮ್ಮಂಥವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಸಿಕ್ಕ ಹಳೆಯ ಕಾಸಿನ ಫೋಟೊ ಹಾಕಿ ಆನ್‌ಲೈನ್‌ನಲ್ಲಿ ಮಾರಲು ಹೊರಡುವ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಅವರನ್ನು ಕಳ್ಳರು ಅಂತ ನೋಡುವ ಮೊದಲು ತಿಳಿಸಿ ಹೇಳಬೇಕು.

ಹೊಸ ವಸ್ತು ಸಿಕ್ಕರೆ? ಮೊನ್ನೆ ಯಾರೋ ಬೀಳಿಸಿಕೊಂಡ ಉಂಗುರ, ಓಲೆ? ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಅದು 403 ಆಗಿತ್ತು. ಆ ಕಲಮಿನ ಉದಾಹರಣೆಗಳು ನನಗೆ ತುಂಬ ಇಷ್ಟ. ದಾರಿಯಲ್ಲಿ ಒಬ್ಬನಿಗೆ ಒಂದು ರೂಪಾಯಿ ಸಿಗುತ್ತದೆ, ಯಾರದ್ದೋ ಗೊತ್ತಿಲ್ಲ, ಎತ್ತಿಕೊಳ್ಳುತ್ತಾನೆ. ಅಪರಾಧ ಇಲ್ಲ. ಇನ್ನೊಬ್ಬನಿಗೆ ಬೆಲೆಬಾಳುವ ಉಂಗುರ ಸಿಗುತ್ತದೆ, ಒಡೆಯರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ತಕ್ಷಣ ಮಾರುತ್ತಾನೆ. ಅಪರಾಧ. ಅಂದರೆ ಒಡೆಯರನ್ನು ಹುಡುಕಲು ನ್ಯಾಯವಾದ ಪ್ರಯತ್ನ ಮಾಡಬೇಕು, ವಸ್ತುವನ್ನು ಸಾಕಷ್ಟು ಕಾಲ ಜೋಪಾನ ಮಾಡಬೇಕು. ಪಾರ್ಕಿನ ಗೇಟಿನಲ್ಲಿ ಚೀಟಿ ಅಂಟಿಸಿ, ಠಾಣೆಗೆ ತಿಳಿಸಿ. ಚೀಟಿಯಲ್ಲಿ "ಉಂಗುರ ಸಿಕ್ಕಿದೆ" ಅಂತಷ್ಟೇ ಬರೆಯಿರಿ. ಗುರುತನ್ನು ಬಂದವರೇ ಹೇಳಲಿ.

ಇಷ್ಟೆಲ್ಲ ಕಾನೂನು ಯಾಕೆ ಬೇಕು ಅಂತ ಕೇಳಬಹುದು. ನನಗೆ ನಿಜವಾಗಿ ಮನಸ್ಸಿಗೆ ತಟ್ಟುವ ವಿಷಯ ಇಲ್ಲಿದೆ. ಹಳೆಯ ವಸ್ತು ಸಿಕ್ಕ ಜಾಗಕ್ಕೆ ವಸ್ತುವಿನಷ್ಟೇ ಬೆಲೆ ಇದೆ. ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಇದೆ.

1891ರಲ್ಲಿ ನಮ್ಮ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಗಸ್ಟಸ್, ಟೈಬೀರಿಯಸ್ ಕಾಲದವು. ಮುಂದೆ ಎಚ್‌ಎಎಲ್ ವಿಮಾನ ನಿಲ್ದಾಣದ ಕಡೆಯೂ ರೋಮನ್ ನಾಣ್ಯ ಸಿಕ್ಕವು. ಅಂಥ ಒಂದು ನಾಣ್ಯವನ್ನು ಯೂರೋಪಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಆದರೆ ಅದು ಯಶವಂತಪುರದ ಮಣ್ಣಿನಲ್ಲಿ ಸಿಕ್ಕಿತು ಅನ್ನುವ ಸಂಗತಿ ಇದೆಯಲ್ಲ, ಅದರಿಂದಲೇ ಎರಡು ಸಾವಿರ ವರ್ಷದ ಹಿಂದಿನ ವ್ಯಾಪಾರದ ಜಾಡು ಈ ಕಡೆಗೂ ಬಂದಿತ್ತು ಅಂತ ನಮಗೆ ಗೊತ್ತಾದದ್ದು. ಸಿಕ್ಕವರು ಸುಮ್ನೆ ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಬೆಂಗಳೂರಿನ ಚರಿತ್ರೆಯ ಒಂದು ಪುಟವೇ ಇರುತ್ತಿರಲಿಲ್ಲ.

ಇನ್ನೊಂದು, ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಬಳಿಯದು. 2018ರಲ್ಲಿ ಅಲ್ಲಿನ ಒಂದು ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ರಾಜ್ಯ ಪುರಾತತ್ವ ಇಲಾಖೆಯವರು ಅಗೆದು ತೆಗೆದರು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಇತ್ತು. ಒಂದೇ ಬಾವಿಯಲ್ಲಿ, ಒಟ್ಟಿಗೆ, ಆ ಮಣ್ಣಿನ ಜೊತೆ ಇದ್ದದ್ದರಿಂದಲೇ ಅವು ಕೂಡಿಟ್ಟ ಯುದ್ಧ ಸಾಮಗ್ರಿ ಅಂತ ತಿಳಿಯಿತು. ಒಂದೊಂದಾಗಿ ಯಾರೋ ಎತ್ತಿಕೊಂಡು ಹೋಗಿದ್ದರೆ? ತುಕ್ಕು ಹಿಡಿದ ಕಬ್ಬಿಣದ ಕೊಳವೆ ಅಂತ ಗುಜರಿ ಅಂಗಡಿ ಸೇರುತ್ತಿದ್ದವು.

ನಮ್ಮ ನಗರದ ಕೆಳಗೂ ಇಂಥದ್ದು ಇದೆ. ಮೆಟ್ರೊ ಕೆಲಸದಲ್ಲಿ ಮಾರುಕಟ್ಟೆ ಹತ್ತಿರ ಹಳೆಯ ಫಿರಂಗಿಗಳು ಸಿಕ್ಕದ್ದು ನಿಮಗೆ ನೆನಪಿರಬಹುದು. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯನ್ನು ಹಿಡಿಯಿತು. 21ರ ರಾತ್ರಿ ಕೋಟೆ ಬಿತ್ತು. ಆ ಎರಡು ವಾರದ ಕಾದಾಟದಲ್ಲಿ ಹಾರಿದ ಸೀಸದ ಗುಂಡು, ಕಬ್ಬಿಣದ ಗುಂಡು ಎಲ್ಲೆಲ್ಲಿ ಬಿದ್ದವೋ? ಅವೆಲ್ಲ ಕರಗಿ ಹೋಗುವ ವಸ್ತುಗಳಲ್ಲ.

ಅಮೆರಿಕದಲ್ಲಿ ಲಿಟಲ್ ಬಿಗ್‌ಹಾರ್ನ್ ಅನ್ನುವ ಜಾಗ ಇದೆ. 1876ರಲ್ಲಿ ಅಲ್ಲಿ ದೊಡ್ಡ ಕಾಳಗ ನಡೆಯಿತು. 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋದಾಗ ನೆಲ ಕಾಣಿಸಿತು. ಮರುವರ್ಷದಿಂದ ಪುರಾತತ್ವ ತಜ್ಞರು ಹವ್ಯಾಸಿ ಡಿಟೆಕ್ಟರ್‌ದಾರರನ್ನೇ ಸ್ವಯಂಸೇವಕರಾಗಿ ಕರೆದುಕೊಂಡರು. ಸಾಲಾಗಿ ನಡೆದು, ಸದ್ದು ಬಂದ ಕಡೆ ಬಾವುಟ ನೆಟ್ಟರು. ಅಗೆದು ತೆಗೆದ ಪ್ರತಿಯೊಂದು ಗುಂಡು, ಕಾಡತೂಸಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಯಾರು ಎಲ್ಲಿ ನಿಂತು ಹೊಡೆದರು, ಯಾವ ಕಡೆ ಸರಿದರು ಅನ್ನುವುದು ಆ ನಕ್ಷೆಯಿಂದ ಕಾಣಿಸಿತು. ನೋಡಿ, ಅದೇ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನೀವು ನಾವು ಸುಮ್ನೆ ಡಿಟೆಕ್ಟರ್ ಹಿಡಿದು ಓಡಾಡುವುದೇ ನಿಷೇಧ. ಯಂತ್ರ ಅದೇ. ಯಾರ ಉಸ್ತುವಾರಿಯಲ್ಲಿ, ಯಾವ ದಾಖಲೆ ಇಟ್ಟು ಬಳಸುತ್ತೀರಿ ಅನ್ನುವುದರಿಂದ ಎಲ್ಲ ಬದಲಾಗುತ್ತದೆ. ಬೆಂಗಳೂರಿನ 1791ರ ಕಾಳಗಕ್ಕೂ ಇಂಥ ಒಂದು ಹುಡುಕಾಟ ಪುರಾತತ್ವ ಇಲಾಖೆಯ ಮುಂದಾಳತ್ವದಲ್ಲಿ ನಡೆಯಬೇಕು ಅನ್ನುವುದು ನನ್ನ ದೊಡ್ಡ ಆಸೆ. ಹಾಗೆ ನಡೆದರೆ ಯಂತ್ರ ಹಿಡಿದು ಮೊದಲ ಸಾಲಿನಲ್ಲಿ ನಾನು ಬರುತ್ತೇನೆ. ಅಲ್ಲಿಯವರೆಗೆ ಆ ನೆಲವನ್ನು ಮುಟ್ಟದೆ ಬಿಡೋಣ.

ನಮ್ಮ ರಾಜ್ಯದಲ್ಲಿ ಈ ಎಚ್ಚರ ಬೇರೆ ಕಾರಣಕ್ಕೂ ಬೇಕು. ನಿಧಿಗಳ್ಳರ ಕಾಟ ನಮ್ಮಲ್ಲಿ ಹಳೆಯದು. ಹಾಳು ಗುಡಿಗಳ ಬಸವನ ವಿಗ್ರಹದ ಹೊಟ್ಟೆಯಲ್ಲಿ ಚಿನ್ನ ಇದೆ ಅಂತ ಯಾರೋ ಹಬ್ಬಿಸುತ್ತಾರೆ, ಇನ್ಯಾರೋ ರಾತ್ರಿ ಬಂದು ಒಡೆಯುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಯಾಸೆಗೆ ಒಡೆದರು. ಸಿಕ್ಕಿದ್ದು ಏನೂ ಇಲ್ಲ. ನಾಡೆಲ್ಲ ನೊಂದುಕೊಂಡಿತು. ಆ ನೋವು ಇರುವಾಗ, ಕತ್ತಲಲ್ಲಿ ಡಿಟೆಕ್ಟರ್, ಸಲಾಕೆ ಹಿಡಿದು ನಿಂತವನನ್ನು ಪೊಲೀಸರು ಅನುಮಾನದಿಂದ ನೋಡಿದರೆ ತಪ್ಪೇನಿದೆ?

ಹಾಗಂತ ಎಲ್ಲ ಕಡೆ ಪೂರ್ತಿ ಬೇಡ ಅನ್ನುವುದೂ ನನಗೆ ಒಪ್ಪಿಗೆ ಇಲ್ಲ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಡಿಟೆಕ್ಟರ್ ಬಳಸಲು ಪರವಾನಗಿ ಪಡೆಯುವ ವ್ಯವಸ್ಥೆ ಇದೆ. ಇಂಗ್ಲೆಂಡಿನಲ್ಲಿ ಜಾಗದ ಒಡೆಯರ ಒಪ್ಪಿಗೆ ಬೇಕು, ರಕ್ಷಿತ ಸ್ಮಾರಕದಲ್ಲಿ ಲೈಸೆನ್ಸ್ ಇಲ್ಲದೆ ಬಳಸಿದರೆ ಅಪರಾಧ. ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ನಿಧಿ ಅಲ್ಲದ ಹಳೆಯ ವಸ್ತುಗಳನ್ನೂ ಸಿಕ್ಕವರು ತಾವಾಗಿಯೇ ತೋರಿಸಿ ದಾಖಲೆ ಮಾಡಿಸುವ ಏರ್ಪಾಡು 1997ರಿಂದ ಇದೆ. ಹತ್ತು ಲಕ್ಷಕ್ಕೂ ಜಾಸ್ತಿ ವಸ್ತುಗಳು ಹಾಗೆ ದಾಖಲಾಗಿವೆ.

ನಮ್ಮ ಪಾಲಿಕೆಗಳೂ ಬಡಾವಣೆ ಪಾರ್ಕುಗಳಿಗೆ ಒಂದು ಪುಟದ ನಿಯಮ ಮಾಡಬಹುದು. ಇಲ್ಲಿ ಒಂದು ಅನುಕೂಲವೂ ಇದೆ. ಹೊಸ ಬಡಾವಣೆಗಳ ಎಷ್ಟೋ ಪಾರ್ಕುಗಳ ಮೇಲ್ಮಣ್ಣು ಬೇರೆ ಕಡೆಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿ ಚರಿತ್ರೆ ಕೆಡುವ ಭಯ ಕಡಿಮೆ. ಕಳೆದುಹೋದ ವಸ್ತು ಹುಡುಕಲು, ಹಗಲು ಹೊತ್ತಿನಲ್ಲಿ, ಮಾಲಿಯೋ ಮೇಲ್ವಿಚಾರಕರೋ ಜೊತೆಗಿದ್ದು, ಒಂದು ದಿನದ ಅನುಮತಿ. ಕೈಸಲಿಕೆ ಬಿಟ್ಟು ಬೇರೆ ಹತಾರ ಇಲ್ಲ. ಮರದ ಬುಡ, ಗಿಡದ ಪಾತಿ, ದೀಪದ ಕಂಬದ ಸುತ್ತ ಇಲ್ಲ. ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ ಪುಸ್ತಕದ ರಟ್ಟಿನ ಹಾಗೆ ಎತ್ತಬೇಕು, ಮಣ್ಣನ್ನು ಬಟ್ಟೆಯ ಮೇಲೆ ಹಾಕಿಕೊಳ್ಳಬೇಕು, ಮತ್ತೆ ತುಂಬಿ ತುಳಿದು ನೀರು ಹಾಕಬೇಕು. ಮೇಲೆ ಬಂದ ಮೊಳೆ, ಬ್ಲೇಡು, ಮುಚ್ಚಳ ಎಲ್ಲ ಕಸದ ಬುಟ್ಟಿಗೆ. ಮಕ್ಕಳು ಬರಿಗಾಲಲ್ಲಿ ಆಡುವ ಜಾಗ ಇದರಿಂದ ಸ್ವಚ್ಛವೂ ಆಗುತ್ತದೆ. ಹಳೆಯ ವಸ್ತು ಅಂತ ಅನುಮಾನ ಬಂದ ಕ್ಷಣ ಕೆಲಸ ನಿಲ್ಲಿಸಬೇಕು. ತೊಳೆಯಬಾರದು, ಉಜ್ಜಬಾರದು. ಇದ್ದ ಹಾಗೇ ಫೋಟೊ ತೆಗೆದು, ಜಾಗ ಗುರುತು ಮಾಡಿ, ಡಿಸಿ ಕಚೇರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳು.

ಒಬ್ಬ ಕಾಲೇಜು ಹುಡುಗ ಕೇಳಿದ: "ಅಗೆಯಲ್ಲ ಸರ್, ಯಂತ್ರ ಆಡಿಸಿ ನೋಡ್ತೀನಿ ಅಷ್ಟೇ. ಅದಕ್ಕೂ ಅನುಮತಿ ಬೇಕಾ?" ಪಡೆದುಕೊಳ್ಳಪ್ಪಾ. ಈ ನಗರದಲ್ಲಿ ಜನ ಈ ಯಂತ್ರ ನೋಡಿರುವುದು ಪೊಲೀಸರ ಕೈಯಲ್ಲಿ. ಪಾರ್ಕಿನಲ್ಲಿ ನೋಡಿದರೆ "ಬಾಂಬ್ ಇದೆಯಾ?" ಅಂತಲೇ ಮೊದಲು ಹೆದರುತ್ತಾರೆ. ಅನುಮತಿ ಪತ್ರ ಕೈಯಲ್ಲಿದ್ದರೆ ತೋರಿಸಿ ಸಮಾಧಾನ ಮಾಡಬಹುದು. ಮತ್ತೆ, ಗುಂಡಿನ ಆಕಾರದ್ದು, ಶೆಲ್ ಥರದ್ದು ಏನಾದರೂ ಕಂಡರೆ ಮುಟ್ಟಬೇಡ. ಎಲ್ಲರನ್ನೂ ದೂರ ಕಳಿಸಿ 112ಕ್ಕೆ ಫೋನ್ ಮಾಡು. ಯಂತ್ರ ಕಲಿಯುವ ಆಸೆ ಇದ್ದರೆ ಮೊದಲು ನಿಮ್ಮ ಮನೆಯ ಹಿತ್ತಲಲ್ಲಿ ಬೇರೆ ಬೇರೆ ನಾಣ್ಯ ಹೂತಿಟ್ಟು ಸದ್ದು ಕೇಳಿ ಅಭ್ಯಾಸ ಮಾಡು.

ಇನ್ನೊಬ್ಬ ಅಮ್ಮ ಕೇಳಿದರು. ಪಾರ್ಕಿನಲ್ಲಿ ಮೊಮ್ಮಗಳನ್ನು ಆಡಿಸುವಾಗ ಅವರ ಓಲೆ ಬಿದ್ದುಹೋಗಿದೆ. ಏನು ಮಾಡಬೇಕು? ಅಮ್ಮಾ, ಮೊದಲು ನೀವು ಎಲ್ಲೆಲ್ಲಿ ಕೂತಿರಿ, ಎಲ್ಲಿ ಬಗ್ಗಿದಿರಿ ಅಂತ ನೆನಪು ಮಾಡಿಕೊಂಡು ಒಂದು ಚಿತ್ರ ಬರೆಯಿರಿ. ಬೆಳಿಗ್ಗೆ ಗುಡಿಸುವವರಿಗೂ ಮಾಲಿಗೂ ಇವತ್ತೇ ಹೇಳಿ, ಎಲೆ ಕಸವನ್ನು ಸಾಗಿಸುವ ಮುನ್ನ ನೋಡಲಿ. ಹೊಸದಾಗಿ ಬಿದ್ದ ಓಲೆ ಹುಲ್ಲಿನ ಬುಡದಲ್ಲೇ ಇರುತ್ತದೆ, ಅಗೆಯುವ ಅಗತ್ಯ ಬರುವುದಿಲ್ಲ. ಪಾಲಿಕೆಯ ಎಂಜಿನಿಯರಿಗೆ ಒಂದು ಅರ್ಜಿ ಬರೆದುಕೊಡೋಣ. ಅವರು ಒಪ್ಪಿದರೆ ನಾನು ಯಂತ್ರ ತರುತ್ತೇನೆ. ಮಕ್ಕಳ ಮರಳಿನ ಗುಂಡಿಯಲ್ಲಿ ಬಿದ್ದಿದ್ದರಂತೂ ಯಂತ್ರವೂ ಬೇಡ, ಮನೆಯಿಂದ ಒಂದು ಜರಡಿ ತನ್ನಿ.